ಬೋಗಿ ಎಂಬುದು ಯಾವುದು?

ಅರ್ಧ ಅಂಕದ ಒಂದು ವ್ಯಾಜ್ಯದಿಂದ ಈ ಲೇಖನವನ್ನು ಆರಂಭಿಸುತ್ತೇನೆ; ಮನ್ನಿಸಬೇಕು.

ನಾನು ಜೋಗುಪಾಳ್ಯದ ನಿವಾಸಿ, ಪ್ರೌಢಶಾಲೆಯ ಕನ್ನಡ ಉಪಾಧ್ಯಾಯ. ಪರೀಕ್ಷೆಯೊಂದರಲ್ಲಿ ಕೆಲವು ಅನ್ಯದೇಶ್ಯ ಪದಗಳನ್ನು ಕೊಟ್ಟು ಅರ್ಥ ಬರೆಯುವಂತೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕೇಳಿದ್ದೆ. ‘ಬೋಗಿ’ ಎಂಬುದು ಅವುಗಳಲ್ಲೊಂದು. ‘ರೈಲಿನ ಡಬ್ಬಿ’ ಎಂದು ಬರೆದವರೆಲ್ಲ ಅರ್ಧ ಅಂಕ ಪಡೆದರು. ಒಬ್ಬ ಹುಡುಗ ಮಾತ್ರ ‘ರೈಲಿನ ಡಬ್ಬಿಯ ಕೆಳಗಿರುವ ಗಾಲಿಗಳ ಚೌಕಟ್ಟು’ ಎಂದು ಬರೆದಿದ್ದ. ನಾನು ಎರಡನೆಯ ಯೋಚನೆಯಿಲ್ಲದೆ ಅದರ ಮೇಲೆ ಕೆಂಪು ಗೆರೆ ಎಳೆದೆ.

ಮರುದಿನ ಹುಡುಗ ಉತ್ತರ ಪತ್ರಿಕೆ ಹಿಡಿದು ಬಂದ. “ಸಾರ್, ನಮ್ಮ ತಂದೆ ರೈಲ್ವೆಯಲ್ಲಿ ಕೆಲಸ ಮಾಡ್ತಾರೆ. ಬೋಗಿ ಅಂದರೆ ಡಬ್ಬಿ ಅಲ್ಲ ಸಾರ್. ಡಬ್ಬಿ ಕೂತಿರೋದೇ ಬೋಗಿ ಮೇಲೆ” ಎಂದ. ಮಾತಿನಲ್ಲಿ ಉದ್ಧಟತನವಿರಲಿಲ್ಲ. “ವಿಚಾರಿಸಿ ಹೇಳುತ್ತೇನೆ, ಹೋಗಪ್ಪ” ಎಂದು ಕಳುಹಿಸಿದೆ. ಹಾಗೆ ವಿಚಾರಿಸಹೊರಟಾಗ ತಿಳಿದುಬಂದ ಸಂಗತಿಗಳನ್ನೇ ಈಗ ತಮ್ಮ ಮುಂದಿಡುತ್ತಿದ್ದೇನೆ. ಇಷ್ಟು ವರ್ಷ ರೈಲಿನಲ್ಲಿ ಓಡಾಡಿದ ನನಗೆ, ನಾನು ಕುಳಿತ ಡಬ್ಬಿ ಯಾವುದರ ಮೇಲೆ ಕುಳಿತಿದೆ ಎಂಬುದೇ ಗೊತ್ತಿರಲಿಲ್ಲ. ತಮ್ಮಲ್ಲಿಯೂ ಅನೇಕರು ನನ್ನಂತೆಯೇ ಇರಬಹುದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ನೆರೆಯ ನಿಲ್ದಾಣದಿಂದಲೇ ಹೊರಡೋಣ. ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಹಾಕಿದ ದಾರಿ ಬೆಂಗಳೂರು ದಂಡಿಗೆ ಬಂದು ಮುಟ್ಟಿದ್ದು 1864ರಲ್ಲಿ. ಹಲಸೂರು ಕೆರೆಯ ಉತ್ತರಕ್ಕೆ ಉಗಿಬಂಡಿಯ ಕೂಗು ಕೇಳತೊಡಗಿದ್ದು ಅಂದಿನಿಂದ. ಆ ಕಾಲದ ರೈಲುಡಬ್ಬಿಗಳು ಇಂದಿನವುಗಳಂತಿರಲಿಲ್ಲ. ಸಾಮಾನ್ಯವಾಗಿ ಅವು ನಾಲ್ಕು ಗಾಲಿಯ ಚಿಕ್ಕ ಮರದ ಪೆಟ್ಟಿಗೆಗಳು; ಮುಂದೊಂದು ಅಚ್ಚು, ಹಿಂದೊಂದು ಅಚ್ಚು. ಅಚ್ಚಿನ ತುದಿ ತಿರುಗಲು ಎಣ್ಣೆಯ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಡಬ್ಬಿಯ ಮೈ. ಲಾರಿಯ ಹಿಂಗಾಲಿಯ ಬಳಿ ಬಗ್ಗಿ ನೋಡಿದರೆ ಅಂಥ ಪಟ್ಟಿಗಳನ್ನು ಇಂದಿಗೂ ಕಾಣಬಹುದು. ಅಚ್ಚು ಸ್ಪ್ರಿಂಗಿನೊಡನೆ ಮೇಲೆ ಕೆಳಗೆ ಆಡಬಹುದಾಗಿತ್ತು; ಎಡಕ್ಕೆ ಬಲಕ್ಕೆ ತಿರುಗುವಂತಿರಲಿಲ್ಲ.

ಇದರಿಂದೇನು ತೊಡಕು? ದೇವರ ತೇರನ್ನು ನೆನೆಯಿರಿ. ಯಾವ ಊರಿನ ತೇರಾದರೂ ನೇರ ಬೀದಿಯಲ್ಲಿ ಗಂಭೀರವಾಗಿ ಸಾಗುತ್ತದೆ. ಬೀದಿಯ ಮೂಲೆ ಬಂದೊಡನೆ ಗಾಲಿಯ ಬುಡಕ್ಕೆ ಮರದ ತುಂಡು ಕೊಟ್ಟು, ಹಗ್ಗವನ್ನು ಓರೆಯಾಗಿ ಎಳೆದು, ನೂರಾರು ಜನ ಬೆವರು ಸುರಿಸಬೇಕು. ಅದರ ಅಚ್ಚುಗಳು ತೇರಿಗೆ ಬಿಗಿದಂತಿರುವುದೇ ಇದಕ್ಕೆ ಕಾರಣ. ನಾಲ್ಕು ಗಾಲಿಯ ರೈಲುಡಬ್ಬಿಯದೂ ಇದೇ ಪಾಡು. ಹಳಿ ಬಿಲ್ಲಿನಂತೆ ಬಾಗುತ್ತದೆ. ಡಬ್ಬಿಯ ಎರಡು ಅಚ್ಚುಗಳು ಮಾತ್ರ ಒಂದಕ್ಕೊಂದು ಸಮಾನಾಂತರವಾಗಿ ಹಟ ಹಿಡಿದು ನಿಲ್ಲುತ್ತವೆ. ಆಗ ಗಾಲಿಯ ಅಂಚು ಹಳಿಯ ಮಗ್ಗುಲನ್ನು ಉಜ್ಜುತ್ತದೆ, ಕಿರುಗುಟ್ಟುತ್ತದೆ, ಸವೆಯುತ್ತದೆ. ಮಿತಿ ಮೀರಿದರೆ ಹಳಿಯನ್ನು ಏರಿ ಹೊರಕ್ಕೂ ಬೀಳುತ್ತದೆ. ಅಚ್ಚುಗಳ ನಡುವಿನ ದೂರ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದಕಾರಣ ಡಬ್ಬಿಯನ್ನು ಉದ್ದ ಮಾಡುವಂತಿರಲಿಲ್ಲ. ಚಿಕ್ಕ ಡಬ್ಬಿಯೋ ವೇಗದಲ್ಲಿ ಕುಲುಕುತ್ತದೆ, ಕುಪ್ಪಳಿಸುತ್ತದೆ.

ಈ ತೊಡಕಿಗೆ ಪರಿಹಾರ ಆಗಲೇ ಹುಟ್ಟಿತ್ತು. ಇಂಗ್ಲೆಂಡಿನ ವಿಲಿಯಂ ಚ್ಯಾಪ್‌ಮನ್ ಎಂಬ ಎಂಜಿನಿಯರು 1812ರಲ್ಲೇ ಒಂದು ಹಕ್ಕುಪತ್ರ ಪಡೆದಿದ್ದ. ಗಾಲಿಗಳನ್ನು ಬಂಡಿಯ ಮೈಗೆ ಬಿಗಿಯಬೇಡಿ. ಪ್ರತ್ಯೇಕವಾದ ಚಿಕ್ಕ ಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟು ನಡುವಿನ ಗೂಟದ ಸುತ್ತ ತಿರುಗುವಂತೆ ಮಾಡಿ ಎಂಬುದು ಅವನ ಉಪಾಯದ ಸಾರ. ಇಂಗ್ಲೆಂಡಿನ ಉತ್ತರ ಸೀಮೆಯ ಆಡುಮಾತಿನಲ್ಲಿ ಗಿಡ್ಡ ಗಾಲಿಬಂಡಿಗೆ ‘ಬೋಗಿ’ ಎಂಬ ಹೆಸರಿತ್ತು. ಆ ಹೆಸರೇ ಈ ಚೌಕಟ್ಟಿಗೂ ಅಂಟಿಕೊಂಡಿತು.

ಉಪಾಯ ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ. ಕಡಿಮೆ ವೆಚ್ಚದಲ್ಲಿ ಕಡಿದಾದ ತಿರುವುಗಳ ದಾರಿ ಹಾಕಿದ ಅಮೆರಿಕದವರಿಗೆ ಅದು ಬಹಳ ಬೇಕಾಯಿತು. 1832ರಲ್ಲಿ ಜಾನ್ ಜರ್ವಿಸ್ ಎಂಬಾತ ಉಗಿಯಂತ್ರದ ಮುಂಭಾಗಕ್ಕೆ ತಿರುಗುವ ಚೌಕಟ್ಟನ್ನು ಜೋಡಿಸಿದ. ರಾಸ್ ವಿನಾನ್ಸ್ ಎಂಬಾತ ಎಂಟು ಗಾಲಿಯ ಡಬ್ಬಿಯ ಹಕ್ಕು ತನ್ನದೆಂದು 1834ರಲ್ಲಿ ಪತ್ರ ಪಡೆದು, ರೈಲ್ವೆ ಕಂಪನಿಗಳ ಮೇಲೆ ವರ್ಷಾನುಗಟ್ಟಲೆ ಮೊಕದ್ದಮೆ ಹೂಡಿದ. 1858ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಇಂಗ್ಲೆಂಡಿನಲ್ಲಿ ಪ್ರಯಾಣಿಕರು ಬೋಗಿಗಳ ಮೇಲಿನ ಉದ್ದನೆಯ ಡಬ್ಬಿಯ ಸುಖವನ್ನು ಚೆನ್ನಾಗಿ ಅರಿತದ್ದು 1874ರಲ್ಲಿ, ಮಿಡ್‌ಲ್ಯಾಂಡ್ ರೈಲ್ವೆಯವರು ಅಮೆರಿಕದ ಪುಲ್‌ಮನ್ ಡಬ್ಬಿಗಳನ್ನು ತರಿಸಿದ ಮೇಲೆ. ಕಾಲಕ್ರಮದಲ್ಲಿ ಆ ಬಗೆಯ ಡಬ್ಬಿ ನಮ್ಮ ದೇಶಕ್ಕೂ ಬಂತು. ಹಳೆಯ ನಾಲ್ಕು ಗಾಲಿಯ ಡಬ್ಬಿಗಳಿಂದ ಬೇರೆಯೆಂದು ತಿಳಿಯಲು ಇಂಗ್ಲಿಷಿನವರು ಅದನ್ನು ‘ಬೋಗಿ ಕ್ಯಾರೇಜ್’ ಎಂದರು. ಬೋಗಿಗಳ ಮೇಲೆ ನಿಂತ ಗಾಡಿ ಎಂದರ್ಥ.

ಇಲ್ಲಿ ನನ್ನ ಶಾಸ್ತ್ರ ನನ್ನ ನೆರವಿಗೆ ಬಂತು. ಆಲಂಕಾರಿಕರು ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಮೂರು ಶಕ್ತಿಗಳನ್ನು ಹೇಳುತ್ತಾರೆ. ‘ಊರೆಲ್ಲ ಮಲಗಿತು’ ಎಂದರೆ ಮಲಗಿದ್ದು ಮನೆಮಠಗಳಲ್ಲ, ಊರಿನ ಜನ. ಮುಖ್ಯಾರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಹಿಡಿಯುವುದೇ ಲಕ್ಷಣಾ. ‘ಬೋಗಿ ಕ್ಯಾರೇಜ್’ ಎಂಬಲ್ಲಿ ನಮ್ಮ ಜನರ ನಾಲಗೆ ಎರಡನೆಯ ಪದವನ್ನು ಬಿಟ್ಟು ಮೊದಲನೆಯದನ್ನು ಉಳಿಸಿಕೊಂಡಿತು. ಹೊರುವ ಅಂಗದ ಹೆಸರು ಹೊರಿಸಿಕೊಂಡ ಡಬ್ಬಿಗೆ ಸಂದಿತು. ಪ್ಲಾಟ್‌ಫಾರಂನ ಮೇಲೆ ನಿಂತವನಿಗೆ ಕಾಣುವುದು ಬಾಗಿಲು, ಕಿಟಕಿ, ಜಾಗ ಹಿಡಿಯುವ ಜನ. ಕೆಳಗಿನ ಚೌಕಟ್ಟು ಪ್ಲಾಟ್‌ಫಾರಂನ ಗೋಡೆಯ ಮರೆಯಲ್ಲಿರುತ್ತದೆ. ಕಾಣದ ವಸ್ತುವಿನ ಹೆಸರು ಕಾಣುವ ವಸ್ತುವಿಗೆ ಏರಿದ್ದು ಹೀಗೆಯೇ ಇರಬೇಕೆಂದು ನನ್ನ ಊಹೆ. ಆದ್ದರಿಂದ ‘ಡಬ್ಬಿ’ ಎಂದು ಬರೆದ ಮಕ್ಕಳದು ತಪ್ಪಲ್ಲ, ಅದು ಲೋಕರೂಢಿ. ಕೆಂಪು ಗೆರೆ ತಿಂದ ಹುಡುಗನದಂತೂ ಮುಖ್ಯಾರ್ಥ.

ಈಗ ಆ ಚೌಕಟ್ಟನ್ನೇ ನೋಡೋಣ. ಒಂದು ಭಾನುವಾರ ನಾನು ದಂಡು ನಿಲ್ದಾಣಕ್ಕೆ ಹೋಗಿ, ಎದುರು ಪ್ಲಾಟ್‌ಫಾರಂನಿಂದ ನಿಂತ ಗಾಡಿಯ ಕೆಳಭಾಗವನ್ನು ಬಹಳ ಹೊತ್ತು ನೋಡಿದೆ. ಉದ್ದನೆಯ ಡಬ್ಬಿಗೆ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು, ಹೀಗೆ ಎರಡು ಬೋಗಿಗಳು; ಒಂದೊಂದಕ್ಕೆ ಎರಡು ಅಚ್ಚು, ನಾಲ್ಕು ಗಾಲಿ. ಮದರಾಸಿನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ನೆಹರೂರವರು ಉದ್ಘಾಟಿಸಿದ ಡಬ್ಬಿ ಕಾರ್ಖಾನೆಯ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅದರ ಮೂಲ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಎಂಬ ಊರಿನದು. ಡಬ್ಬಿಯ ಮೈಯುದ್ದ 21 ಮೀಟರಿಗಿಂತ ಕೊಂಚ ಹೆಚ್ಚು. ಎರಡು ಬೋಗಿಗಳ ನಡುಗೂಟಗಳ ಅಂತರ 14.783 ಮೀಟರು; ಆದರೆ ಒಂದು ಬೋಗಿಯೊಳಗೆ ಅಚ್ಚುಗಳ ಅಂತರ 2.896 ಮೀಟರು ಮಾತ್ರ. ಹಳಿಯ ತಿರುವಿಗೆ ಹೊಂದಿಕೊಳ್ಳಬೇಕಾದದ್ದು ಈ ಚಿಕ್ಕ ಅಂತರ, ಡಬ್ಬಿಯ ಉದ್ದವಲ್ಲ. ಉಪಾಯದ ಗುಟ್ಟೆಲ್ಲ ಇಲ್ಲಿದೆ.

ಡಬ್ಬಿಯನ್ನು ಬೋಗಿಗೆ ಬೆಸೆದಿರುತ್ತಾರೆಯೇ? ಇಲ್ಲ. ಡಬ್ಬಿ ತನ್ನ ಭಾರದಿಂದಲೇ ಕುಳಿತಿರುತ್ತದೆ. ಇದನ್ನು ತಿಳಿಯಲು ಮನೆಯ ಬೀಸುವ ಕಲ್ಲನ್ನು ಜ್ಞಾಪಿಸಿಕೊಳ್ಳಿ. ಕೆಳಗಲ್ಲಿನ ನಡುವೆ ಒಂದು ಗೂಟ. ಮೇಲ್ಗಲ್ಲು ಅದರ ಸುತ್ತ ತಿರುಗುತ್ತದೆ. ಮೇಲ್ಗಲ್ಲಿನ ಭಾರವನ್ನು ಹೊರುವುದು ಗೂಟವೇ? ಅಲ್ಲ. ಭಾರ ಹೊರುವುದು ಕಲ್ಲಿನ ಮೈ; ಗೂಟ ಅದನ್ನು ಸ್ಥಾನ ಬಿಟ್ಟು ಹೋಗದಂತೆ ಹಿಡಿಯುತ್ತದೆ. ಪೆರಂಬೂರು ಮಾದರಿಯಲ್ಲೂ ಹೀಗೆಯೇ. ಬೋಗಿಯ ನಡುವೆ ಒಂದು ಅಡ್ಡತೊಲೆ. ಅದರ ಎಡಬಲಗಳಲ್ಲಿ ಎಣ್ಣೆಯ ತಟ್ಟೆಯಲ್ಲಿ ಮುಳುಗಿದ ಉಕ್ಕಿನ ಫಲಕ, ಅದರ ಮೇಲೆ ಜಾರುವ ಕಂಚಿನ ತುಂಡು. ಡಬ್ಬಿ ಈ ಎರಡು ಪೀಠಗಳ ಮೇಲೆ ಕೂರುತ್ತದೆ. ನಡುಗೂಟದ ಕೆಲಸ ಎಳೆತವನ್ನೂ ಬ್ರೇಕಿನ ತಡೆಯನ್ನೂ ಮೈಗೂ ಬೋಗಿಗೂ ದಾಟಿಸುವುದು. ಇನ್ನೊಂದು ಬಗೆಯ ಬೋಗಿಯೂ ಉಂಟು: ಬಟ್ಟಲೊಳಗೆ ಬಟ್ಟಲು ಕೂತಂತೆ, ಭಾರವೆಲ್ಲ ನಡುವಿನ ಗುಳಿಯ ಮೇಲೇ ಕೂರುತ್ತದೆ. ಸರಕುಬಂಡಿಗಳಲ್ಲಿ ಕಾಣುವುದು ಈ ಬಗೆ.

ಅಡ್ಡತೊಲೆಯಿಂದ ಕೆಳಕ್ಕೆ ಭಾರ ಇಳಿಯುವ ದಾರಿ ಇನ್ನೂ ಸೊಗಸು. ಅಡ್ಡತೊಲೆ ಸುರುಳಿ ಸ್ಪ್ರಿಂಗುಗಳ ಮೇಲೆ ನಿಂತಿದೆ. ಆ ಸ್ಪ್ರಿಂಗುಗಳು ನಿಂತ ಕೆಳತೊಲೆಯೋ ನೆಲದ ಮೇಲಿಲ್ಲ, ಗಾಲಿಯ ಮೇಲೂ ಇಲ್ಲ. ಬೋಗಿಯ ಚೌಕಟ್ಟಿನಿಂದ ಕೊಂಡಿಗಳಲ್ಲಿ ಜೋತುಬಿದ್ದಿದೆ, ಸರಪಣಿಯಲ್ಲಿ ತೊಟ್ಟಿಲು ಜೋತಂತೆ. ಗಾಲಿಗಳು ಹಳಿಯ ಮೇಲೆ ಎಡಬಲಕ್ಕೆ ಅಲುಗಿದಾಗ ಈ ತೊಟ್ಟಿಲು ಮೆಲ್ಲಗೆ ತೂಗಿ, ಆ ಒದೆತ ನಮಗೆ ತಟ್ಟದಂತೆ ನೋಡಿಕೊಳ್ಳುತ್ತದೆ. ಬೋಗಿಯ ಚೌಕಟ್ಟು ಮತ್ತೊಂದು ಜೊತೆ ಸುರುಳಿ ಸ್ಪ್ರಿಂಗುಗಳ ಮೂಲಕ ಅಚ್ಚಿನ ಪೆಟ್ಟಿಗೆಗಳ ಮೇಲೆ ಕೂರುತ್ತದೆ. ಪೆಟ್ಟಿಗೆ ಅಚ್ಚಿನ ಮೇಲೆ, ಅಚ್ಚು ಗಾಲಿಯ ಮೇಲೆ, ಗಾಲಿ ಹಳಿಯ ಮೇಲೆ. ಹಳೆಯ ಪಟ್ಟಿ ಸ್ಪ್ರಿಂಗುಗಳಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತವನ್ನು ತಡೆಯುತ್ತಿದ್ದವು. ಸುರುಳಿಗೆ ಆ ಗುಣವಿಲ್ಲ, ಅದು ಕುಣಿಯುತ್ತಲೇ ಇರುತ್ತದೆ. ಆದ್ದರಿಂದ ಎಣ್ಣೆ ತುಂಬಿದ ಕೊಳವೆಗಳನ್ನಿಟ್ಟು ಕುಣಿತವನ್ನು ಅಡಗಿಸುತ್ತಾರೆ. ಸುಮಾರು 40 ಟನ್ ತೂಗುವ ಡಬ್ಬಿಯ ಭಾರ ಹೀಗೆ ಎಂಟು ಗಾಲಿಗಳಿಗೆ ಹಂಚಿ, ಒಂದೊಂದು ಗಾಲಿಯೂ ಹಳಿಯನ್ನು ನಾಣ್ಯದಷ್ಟು ಅಗಲದಲ್ಲಿ ಮುಟ್ಟುತ್ತದೆ.

ಇನ್ನೊಂದು ಲಾಭವನ್ನು ಹೇಳದೆ ಮುಂದೆ ಹೋಗಲಾರೆ. ಬೋಗಿಯ ಮುಂದಿನ ಗಾಲಿಜೋಡಿ ಹಳಿಯ ಉಬ್ಬನ್ನು ಹತ್ತಿ ಒಂದು ಅಂಗುಲ ಏರಿತೆನ್ನಿ. ಹಿಂದಿನದು ಇನ್ನೂ ಕೆಳಗಿದೆ. ಆಗ ನಡುವಿನ ಅಡ್ಡತೊಲೆ ಏರುವುದು ಅರ್ಧ ಅಂಗುಲ ಮಾತ್ರ. ಅದನ್ನೂ ಸ್ಪ್ರಿಂಗು ತಿಂದು ಉಳಿದದ್ದು ನಮ್ಮ ಪಾಲಿಗೆ. ಡಬ್ಬಿಯ ನಟ್ಟನಡುವೆ ಕುಳಿತವನಿಗೆ ಇನ್ನೂ ಕಡಿಮೆ. ಗಾಲಿಯ ನೇರ ಮೇಲಿನ ಜಾಗಕ್ಕಿಂತ ನಡುವಿನ ಜಾಗ ಲೇಸೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇದೇ.

ಈ ಕಥೆ ಬರಿಯ ಕಬ್ಬಿಣದ್ದಲ್ಲ. ಸ್ಪ್ರಿಂಗು ಇಷ್ಟು ಭಾರಕ್ಕೆಂದು ಲೆಕ್ಕ ಹಾಕಿ ಮಾಡಿದ್ದು. ಆ ಲೆಕ್ಕವನ್ನು ಮೀರಿ ಜನ ತುಂಬಿದರೆ ಅದು ಪೂರ್ತಿ ಅಮುಕಿ, ಇದ್ದೂ ಇಲ್ಲದಂತಾಗುತ್ತದೆ, ಪೆಟ್ಟೆಲ್ಲ ಬೆನ್ನುಮೂಳೆಗೆ. 1917ರಲ್ಲಿ ಗಾಂಧೀಜಿಯವರು ಮುಂಬಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಪಯಣಿಸಿ, ಕಂಡದ್ದನ್ನು ಬರೆದು ಪ್ರಕಟಿಸಿದರು. ಅವರಿದ್ದದ್ದು 22 ಜನರಿಗೆಂದು ಗುರುತು ಹಾಕಿದ ಜಾಗ. ನಮ್ಮ ರಾಯಚೂರು ಮುಟ್ಟಿದ ಮೇಲಂತೂ ನೂಕುನುಗ್ಗಲು ತಡೆಯಲಾರದಂತಾಯಿತೆಂದು ಅವರು ದಾಖಲಿಸಿದ್ದಾರೆ. ಅಂದಿನ ಡಬ್ಬಿಗಳ ಮೈ ಮರದ್ದು. ಅಪಘಾತವಾದರೆ ಸೀಳಿ ಒಂದರೊಳಗೊಂದು ನುಗ್ಗುತ್ತಿದ್ದವು, ಬೆಂಕಿ ಹತ್ತುತ್ತಿತ್ತು. ಕೆಳಗೆ ಎಷ್ಟು ಒಳ್ಳೆಯ ಬೋಗಿಯಿದ್ದರೇನು, ಮೇಲಿನ ಮೈ ಗಟ್ಟಿಯಿಲ್ಲದಿದ್ದರೆ?

ಈ ಕೊರತೆಯನ್ನು ನೀಗಿಸಿದ ಕೆಲಸದಲ್ಲಿ ನಮ್ಮ ಸೀಮೆಗೂ ಪಾಲುಂಟು. ಜೋಗುಪಾಳ್ಯದಿಂದ ಪೂರ್ವಕ್ಕಿರುವ ವಿಮಾನ ಕಾರ್ಖಾನೆಯನ್ನು ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧ ಮುಗಿದು ವಿಮಾನದ ಕೆಲಸ ತಗ್ಗಿದಾಗ, ಲೋಹದ ತಗಡನ್ನು ಪಳಗಿಸಿ ಕಲಿತ ಕೈಗಳು ರೈಲುಡಬ್ಬಿಯ ಕಡೆಗೆ ತಿರುಗಿದವು. ಮೂರನೆಯ ದರ್ಜೆಯ ಪ್ರಯಾಣಿಕರಿಗಾಗಿ ಪೂರ್ತಿ ಲೋಹದ ಮೈಯುಳ್ಳ ಡಬ್ಬಿಗಳು ಅಲ್ಲಿ ತಯಾರಾದವು. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಹುಟ್ಟಿತು. 1965ರ ಆರಂಭದಿಂದ ಡಬ್ಬಿಯ ಕೆಲಸ ಆ ಸಂಸ್ಥೆಯ ಕೈಗೆ ಬಂತು. ತಿಪ್ಪಸಂದ್ರದ ಅದರ ಕಾರ್ಖಾನೆ ನಮ್ಮ ಮನೆಗಳಿಗೆ ದೂರವಲ್ಲ. 1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರೇ ರೈಲಿನಿಂದ ಮರೆಯಾಯಿತು. ಗಾಲಿ, ಅಚ್ಚುಗಳಿಗೂ ಪರರ ಮೋರೆ ನೋಡುವುದು ತಗ್ಗಿತು: 1984ರಲ್ಲಿ ಯಲಹಂಕದಲ್ಲಿ ಗಾಲಿ ಕಾರ್ಖಾನೆ ತೆರೆದು, ಕರಗಿದ ಉಕ್ಕನ್ನು ಗ್ರಾಫೈಟ್ ಅಚ್ಚುಗಳಿಗೆ ಹೊಯ್ದು ರೈಲುಗಾಲಿ ಎರೆಯುವುದು ಆರಂಭವಾಯಿತು.

ಬೋಗಿಯ ಬೆಲೆ ತಿಳಿಯಬೇಕಾದರೆ ಒಮ್ಮೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟವಿಳಿಯುವ ರೈಲಿನಲ್ಲಿ ಹೋಗಿರಿ. 57 ಸುರಂಗಗಳು, 50 ಅಡಿಗೆ ಒಂದಡಿಯಂತೆ ಇಳಿಜಾರು, ತಿರುವಿನ ಮೇಲೆ ತಿರುವು. ಅಲ್ಲಿ ಒಂದೇ ಡಬ್ಬಿಯ ಮುಂದಿನ ಬೋಗಿ ಒಂದು ದಿಕ್ಕಿಗೆ, ಹಿಂದಿನದು ಇನ್ನೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಒಳಗೆ ಕುಳಿತವರ ಕೈಯ ಕಾಫಿ ಮಾತ್ರ ಲೋಟದಲ್ಲೇ ಇರುತ್ತದೆ.

ಪೆರಂಬೂರಿನ ಹಳೆಯ ಮಾದರಿಯ ಡಬ್ಬಿಗಳ ತಯಾರಿಕೆ ಅಲ್ಲಿ 2018ರಲ್ಲಿ ನಿಂತಿತು. ಜರ್ಮನಿಯ ಲಿಂಕೆ ಹಾಫ್‌ಮನ್ ಬುಷ್ ಸಂಸ್ಥೆಯ ಮಾದರಿಯ ಡಬ್ಬಿಗಳು 2000ದ ಸುಮಾರಿಗೆ ಬಂದು ಕ್ರಮೇಣ ಅದರ ಸ್ಥಾನ ಹಿಡಿದವು. ಅವುಗಳ ಬೋಗಿಯಲ್ಲಿ ಎಣ್ಣೆಯ ಪೀಠವೂ ಇಲ್ಲ, ತೊಟ್ಟಿಲ ಕೊಂಡಿಯೂ ಇಲ್ಲ; ಒಂದರೊಳಗೊಂದು ಹುದುಗಿದ ಎತ್ತರದ ಸುರುಳಿಗಳೇ ಮೇಲೆ ಕೆಳಗೆ ಆಡಿ, ಪಕ್ಕಕ್ಕೂ ಬಾಗಿ, ಆ ಕೆಲಸವನ್ನೆಲ್ಲ ಮಾಡುತ್ತವೆ.

ಇನ್ನು ನಮ್ಮ ಬಾಗಿಲಿಗೇ ಬಂದ ರೈಲು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೋ ಓಡಿತು; ಹಲಸೂರು ನಿಲ್ದಾಣ ಆ ದಾರಿಯಲ್ಲಿದೆ. ಅದರ ಮೊದಲ ಗಾಡಿಗಳನ್ನು ಒದಗಿಸಿದ ಕೂಟದಲ್ಲಿ ನಾನು ಮೇಲೆ ಹೇಳಿದ ತಿಪ್ಪಸಂದ್ರದ ಸಂಸ್ಥೆಯೂ ಇತ್ತು. ಅಲ್ಲಿ ಡಬ್ಬಿ ಕೂತಿರುವುದು ಗಾಳಿಯ ಮೇಲೆ. ಬೋಗಿಯ ಎರಡು ಪಕ್ಕಗಳಲ್ಲಿ ಗಾಳಿ ತುಂಬಿದ ದಪ್ಪ ರಬ್ಬರಿನ ಚೀಲಗಳು. ಡಬ್ಬಿಯ ಮೈ ಅವುಗಳ ಮೇಲೆ. ಸಂಜೆಯ ಹೊತ್ತು ಜನ ನುಗ್ಗಿ ಡಬ್ಬಿ ಕುಗ್ಗತೊಡಗಿದರೆ, ಒಂದು ಕವಾಟ ತಾನಾಗಿ ತೆರೆದು ಚೀಲಕ್ಕೆ ಇನ್ನಷ್ಟು ಗಾಳಿ ಬಿಡುತ್ತದೆ. ಜನ ಇಳಿದರೆ ಹೆಚ್ಚಿನ ಗಾಳಿ ಹೊರಗೆ ಹೋಗುತ್ತದೆ. ಹತ್ತು ಜನರಿರಲಿ, ಇನ್ನೂರು ಜನರಿರಲಿ, ಡಬ್ಬಿಯ ನೆಲ ಪ್ಲಾಟ್‌ಫಾರಂನ ಸಮಕ್ಕೇ ನಿಲ್ಲುತ್ತದೆ. ಮುದುಕರೂ ಮಕ್ಕಳೂ ಎಡವದೆ ಹೆಜ್ಜೆಯಿಡುತ್ತಾರೆ. ಭಾರ ಎಷ್ಟೆಂದು ಮೊದಲೇ ಲೆಕ್ಕ ಹಾಕಿ ಕುಳಿತ ಹಳೆಯ ಸ್ಪ್ರಿಂಗಿಗೂ, ಬಂದವರ ಭಾರವನ್ನು ಬಂದಂತೆ ಅರಿತು ಹೊರುವ ಈ ಚೀಲಕ್ಕೂ ಇರುವ ಅಂತರ ನೋಡಿರಿ. ರಾಯಚೂರಿನಲ್ಲಿ ಡಬ್ಬಿಗೆ ನುಗ್ಗಿದ ಜನಕ್ಕೆ ಇಂಥದೊಂದು ಇದ್ದಿದ್ದರೆ ಎಂದು ನನಗೆ ಅನ್ನಿಸದಿರಲಿಲ್ಲ.

ಮುಂದಿನ ಸಲ ತಾವು ರೈಲು ಕಾಯುತ್ತ ನಿಂತಾಗ, ಎದುರು ಹಳಿಯಲ್ಲಿ ನಿಂತ ಗಾಡಿಯ ಕಿಟಕಿಗಳಿಂದ ಕಣ್ಣು ಕೆಳಗಿಳಿಸಿ ಒಂದು ಕ್ಷಣ ನೋಡಿರಿ. ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಿರಿ: ಇದು ಅಚ್ಚು, ಇದು ಸ್ಪ್ರಿಂಗು, ಇವೆಲ್ಲ ಸೇರಿ ಬೋಗಿ.

ನನ್ನ ವ್ಯಾಜ್ಯ ಇತ್ಯರ್ಥವಾಯಿತು. ಸೋಮವಾರ ತರಗತಿಯಲ್ಲಿ ಎಲ್ಲರೆದುರಿಗೆ ಆ ಹುಡುಗನ ಪತ್ರಿಕೆ ತರಿಸಿಕೊಂಡು, ಕೆಂಪು ಗೆರೆಯನ್ನು ಹೊಡೆದುಹಾಕಿ, ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ ‘ಮುಖ್ಯಾರ್ಥ’ ಎಂದು ಬರೆದೆ. ಉಳಿದ ಮಕ್ಕಳು, “ಹಾಗಾದರೆ ನಮ್ಮದು ತಪ್ಪೇ ಸಾರ್?” ಎಂದು ಗಾಬರಿಯಾದರು. “ಇಲ್ಲಪ್ಪ, ನಿಮ್ಮದು ಲಕ್ಷಣಾ, ಅದಕ್ಕೂ ಅಂಕ ಉಂಟು” ಎಂದೆ. ಆ ದಿನ ಅಲಂಕಾರಶಾಸ್ತ್ರದ ಪಾಠವನ್ನು ಅಷ್ಟು ಲಕ್ಷ್ಯಕೊಟ್ಟು ಕೇಳಿದ ತರಗತಿಯನ್ನು ನಾನು ಹಿಂದೆ ಕಂಡಿರಲಿಲ್ಲ.